ಮೊದಲ ಸೂಜಿಗೆ ಮುನ್ನ

ಆಕ್ಯುಪಂಕ್ಚರ್ ಚಿಕಿತ್ಸೆಗೆ ಮೊದಲ ಸಲ ಹೊರಡುವವರನ್ನು ಕಾಡುವ ಪ್ರಶ್ನೆಗಳು ಮೂರು. ಚುಚ್ಚಿದರೆ ನೋವಾಗುತ್ತದೆಯೇ? ಸೂಜಿಯಿಂದ ಬೇರೆ ರೋಗ ಅಂಟುವ ಭಯವಿದೆಯೇ? ಇಷ್ಟೆಲ್ಲ ಆದ ಮೇಲೆ ಗುಣ ಕಾಣುತ್ತದೆಯೇ?

ಮಂಡಿನೋವು, ಸೊಂಟನೋವು, ಅರೆತಲೆನೋವುಗಳಿಗೆ ವರ್ಷಗಟ್ಟಲೆ ಮಾತ್ರೆ ನುಂಗಿ ಬೇಸತ್ತವರು ಯಾರದೋ ಮಾತು ಕೇಳಿ ಈ ಸೂಜಿ ವೈದ್ಯರ ಬಾಗಿಲು ತಟ್ಟುವುದು ಇಂದು ನಮ್ಮ ನಗರಗಳಲ್ಲೂ ಅಪರೂಪವಲ್ಲ. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಇದು ಐದು ಸಾವಿರ ವರ್ಷ ಹಳೆಯ ಚಿಕಿತ್ಸೆ, ಹೆದರಬೇಡಿ’ ಎಂಬುದು. ಆದರೆ ಈ ಉತ್ತರ ಪೂರ್ತಿ ನಿಜವಲ್ಲ. ರೋಗಿ ಕಾಣುವ ಚಿಕಿತ್ಸಾ ಕೋಣೆಯಲ್ಲಿ ಎರಡು ಸಾವಿರ ವರ್ಷ ಹಳೆಯ ಸಂಗತಿಗಳೂ ಇವೆ, ನೂರು ವರ್ಷವೂ ತುಂಬದ ಸಂಗತಿಗಳೂ ಇವೆ. ಸೋಜಿಗವೆಂದರೆ, ರೋಗಿಯ ಹೆದರಿಕೆಯನ್ನು ಕಡಿಮೆ ಮಾಡುವುದು ಹಳೆಯ ಸಂಗತಿಗಳಲ್ಲ, ಹೊಸವು. ಯಾವುದು ಹಳೆಯದು, ಯಾವುದು ಹೊಸದು ಎಂದು ತಿಳಿದರೆ ಮೇಲಿನ ಮೂರೂ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಹೆಸರಿನಲ್ಲಿ ಅರ್ಧವೇ ಉಳಿಯಿತು

‘ಆಕ್ಯುಪಂಕ್ಚರ್’ ಎಂಬುದು ಚೀನೀ ಪದವಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಆಕುಸ್’ ಎಂದರೆ ಸೂಜಿ, ‘ಪಂಕ್ಚುರ’ ಎಂದರೆ ಚುಚ್ಚುವಿಕೆ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾಗಿದ್ದ ವಿಲ್ಲೆಂ ಟೆನ್ ರೈನೆ 1674ರಿಂದ 1676ರವರೆಗೆ ಜಪಾನಿನ ನಾಗಸಾಕಿಯ ದೇಜಿಮಾ ಎಂಬ ಪುಟ್ಟ ದ್ವೀಪದಲ್ಲಿದ್ದ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ 1683ರಲ್ಲಿ ಲಂಡನ್ನಿನಲ್ಲಿ ಲ್ಯಾಟಿನ್ ಗ್ರಂಥವೊಂದನ್ನು ಪ್ರಕಟಿಸಿದ. ಯೂರೋಪಿಗೆ ಈ ಹೆಸರು ಪರಿಚಯವಾದದ್ದು ಆ ಗ್ರಂಥದಿಂದ.

ಚೀನೀಯರು ಬಳಸುವ ಪದ ‘ಝೆನ್‌ಜಿಯು’. ಅದರಲ್ಲಿ ‘ಝೆನ್’ ಎಂದರೆ ಸೂಜಿ, ‘ಜಿಯು’ ಎಂದರೆ ಸುಡುವುದು. ನಮ್ಮಲ್ಲಿ ಗಣೇಶನ ಪೂಜೆಗೆ ಬಳಸುವ ಮಾಚಿಪತ್ರೆಯ ಕುಲಕ್ಕೆ ಸೇರಿದ ಗಿಡವೊಂದರ ಎಲೆಯನ್ನು ಒಣಗಿಸಿ, ಕುಟ್ಟಿ, ಹತ್ತಿಯಂತೆ ಮಾಡಿ, ಅದಕ್ಕೆ ಕಿಡಿ ತಾಗಿಸಿ ಚರ್ಮದ ಮೇಲೋ ಚರ್ಮಕ್ಕೆ ಸಮೀಪದಲ್ಲೋ ಕಾವು ಕೊಡುವ ಪದ್ಧತಿ ಅದು. ಜಪಾನೀ ಹೆಸರಿನಿಂದ ಬಂದ ‘ಮಾಕ್ಸಾ’ ಎಂಬ ಪದವೇ ಈಗ ಎಲ್ಲೆಡೆ ಬಳಕೆಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ಕಾಮಾಲೆಗೂ ಹೊಟ್ಟೆನೋವಿಗೂ ‘ಬರೆ ಹಾಕುವುದು’ ಎಂದಿತ್ತಲ್ಲ, ಅದನ್ನು ನೆನಪಿಸುವ ಪದ್ಧತಿ ಇದು. ಇಂದು ಮಾತ್ರ ಚರ್ಮ ಸುಡದಂತೆ ದೂರದಿಂದ ಶಾಖ ಕೊಡುವುದೇ ಹೆಚ್ಚು. ಹೊಸ ರೋಗಿ ಕೋಣೆಯಲ್ಲಿ ಹೊಗೆಯ ವಾಸನೆ ಕಂಡು ಗಾಬರಿಯಾಗಬೇಕಿಲ್ಲ.

ವಾಸ್ತವದಲ್ಲಿ ಸೂಜಿಗಿಂತ ಬೆಂಕಿಗೇ ಹಳೆಯ ಲಿಖಿತ ಸಾಕ್ಷ್ಯವಿದೆ. ಚೀನಾದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ 1973ರಲ್ಲಿ ಸಮಾಧಿಯೊಂದನ್ನು ಉತ್ಖನನ ಮಾಡಿದರು. ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ ಅದು. ಅಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯ ಗ್ರಂಥಗಳು ಸಿಕ್ಕವು. ದೇಹದಲ್ಲಿ ಹರಿಯುವ ಹನ್ನೊಂದು ನಾಳಗಳ ವರ್ಣನೆ ಅವುಗಳಲ್ಲಿದೆ, ಆ ನಾಳಗಳ ಮೇಲೆ ಕಾವು ಕೊಡುವ ವಿಧಾನವೂ ಇದೆ. ಸೂಜಿ ಚಿಕಿತ್ಸೆಯ ಸುಳಿವಿಲ್ಲ. ಸೂಜಿಯನ್ನು ವಿಸ್ತಾರವಾಗಿ ಹೇಳುವ ಮೊದಲ ಗ್ರಂಥ ‘ಹುವಾಂಗ್‌ದಿ ನೈಜಿಂಗ್’, ಅಂದರೆ ‘ಹಳದಿ ಚಕ್ರವರ್ತಿಯ ಅಂತರಂಗ ಶಾಸ್ತ್ರ’. ಪುರಾಣದ ಚಕ್ರವರ್ತಿಯೊಬ್ಬನ ಹೆಸರಿನಲ್ಲಿದ್ದರೂ ಅದು ಸಂಕಲನಗೊಂಡದ್ದು ಸುಮಾರು ಕ್ರಿ.ಪೂ. ಎರಡು ಮತ್ತು ಒಂದನೇ ಶತಮಾನಗಳಲ್ಲಿ ಎಂಬುದು ವಿದ್ವಾಂಸರ ಅಭಿಪ್ರಾಯ. ಹೀಗೆ ಬರಹದ ಆಧಾರ ಹಿಡಿದು ನೋಡಿದರೆ ಈ ಚಿಕಿತ್ಸೆಯ ವಯಸ್ಸು ಎರಡು ಸಾವಿರ ವರ್ಷಗಳಿಗೆ ತುಸು ಹೆಚ್ಚು, ಐದು ಸಾವಿರವಲ್ಲ.

ಮೊದಲು ಮಾತು, ಆಮೇಲೆ ನಾಡಿ

ಮೊದಲ ದಿನ ಸೂಜಿಗಿಂತ ಮಾತೇ ಹೆಚ್ಚು. ಇಂಥ ಭೇಟಿಗೆ ಒಂದು ಗಂಟೆಯಾದರೂ ಹಿಡಿಯುವುದುಂಟು. ನೋವು ಎಲ್ಲಿ, ಎಂದಿನಿಂದ ಎಂದು ಕೇಳುವ ಚಿಕಿತ್ಸಕರು ಅಲ್ಲಿಗೇ ನಿಲ್ಲುವುದಿಲ್ಲ. ನಿದ್ದೆ ಹೇಗೆ ಬರುತ್ತದೆ, ಹಸಿವು ಹೇಗಿದೆ, ಬಾಯಾರಿಕೆಗೆ ಬಿಸಿನೀರು ಹಿತವೋ ತಣ್ಣೀರು ಹಿತವೋ, ಮಲಮೂತ್ರ ಸರಾಗವೋ, ಮುಟ್ಟು ಸರಿಯಾಗಿ ಆಗುತ್ತದೆಯೋ ಎಂದೆಲ್ಲ ವಿಚಾರಿಸುತ್ತಾರೆ. ಮಂಡಿನೋವಿಗೆಂದು ಬಂದವರಿಗೆ ಇವು ಅನಗತ್ಯವೆನಿಸಬಹುದು. ರೋಗ ಒಂದು ಅಂಗದ್ದಲ್ಲ, ಇಡೀ ದೇಹದ ಸಮತೋಲ ತಪ್ಪಿದ್ದು ಎಂಬ ಹಳೆಯ ಚೀನೀ ಕಲ್ಪನೆ ಈ ಪ್ರಶ್ನೆಗಳ ಹಿಂದಿದೆ. ನಮ್ಮ ಆಯುರ್ವೇದ ಪಂಡಿತರ ಬಳಿ ಹೋದವರಿಗೆ ಇದು ಹೊಸದೆನಿಸುವುದಿಲ್ಲ.

ಆಮೇಲೆ ನಾಲಿಗೆ ಚಾಚಲು ಹೇಳುತ್ತಾರೆ. ಅದರ ಬಣ್ಣ, ಅಂಚು, ಮೇಲಿನ ಪದರ ನೋಡುತ್ತಾರೆ. ಚಿಕಿತ್ಸೆಗೆ ಹೋಗುವ ಮುನ್ನ ಕಾಫಿ ಕುಡಿದು, ಎಲೆಅಡಿಕೆ ಮೆದ್ದು ಹೋಗಬಾರದೆನ್ನುವುದು ಇದಕ್ಕಾಗಿ. ಬಳಿಕ ಎರಡೂ ಮಣಿಕಟ್ಟುಗಳ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾರೆ. ಕ್ರಿ.ಶ. ಮೂರನೇ ಶತಮಾನದ ವೈದ್ಯ ವಾಂಗ್ ಶುಹೆ ನಾಡಿಯ ಮೇಲೆಯೇ ಒಂದು ಗ್ರಂಥ ಬರೆದು 24 ಬಗೆಯ ನಾಡಿಗಳನ್ನು ವಿಂಗಡಿಸಿದ್ದ. ಇಂದಿನ ಚಿಕಿತ್ಸಕರ ಬೆರಳುಗಳ ಹಿಂದೆ ಇರುವುದು ಆ ಪರಂಪರೆ.

ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದೇನಿಲ್ಲ. ಆಧುನಿಕ ವೈದ್ಯ ಪದವಿಯ ಜೊತೆಗೆ ಆಕ್ಯುಪಂಕ್ಚರ್ ಕಲಿತವರು ನಾಡಿ, ನಾಲಿಗೆಗಳ ಗೋಜಿಗೆ ಹೋಗದೆ ಎಕ್ಸ್‌ರೇ ನೋಡಿ, ಸ್ನಾಯು ಒತ್ತಿ ನೋಡಿ ಸೂಜಿ ಹಾಕುವುದೂ ಇದೆ. ಯಾರೇ ಆಗಲಿ, ರೋಗಿ ತಾನಾಗಿ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಗರ್ಭಿಣಿಯೇ? ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಗಾಯವಾದರೆ ರಕ್ತ ಬೇಗ ನಿಲ್ಲದ ತೊಂದರೆ ಇದೆಯೇ? ಎದೆಯಲ್ಲಿ ಪೇಸ್‌ಮೇಕರ್ ಇದೆಯೇ? ಇವನ್ನು ಕೇಳದ ಚಿಕಿತ್ಸಕರ ಕೈಗೆ ಮೈಯೊಡ್ಡದಿರುವುದು ಒಳಿತು.

ಕಂಚಿನ ಮನುಷ್ಯನ ಪರೀಕ್ಷೆ

ನೋವು ಸೊಂಟದಲ್ಲಿದ್ದರೂ ಸೂಜಿ ಮಂಡಿಯ ಹಿಂದೆ ಬೀಳಬಹುದು. ತಲೆನೋವಿಗೆ ಕೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಚುಚ್ಚಬಹುದು. ಮೊದಲ ಸಲ ಹೋದವರಿಗೆ ಅತ್ಯಂತ ವಿಚಿತ್ರವೆನಿಸುವುದು ಇದೇ. ದೇಹದಲ್ಲಿ ‘ಚಿ’ ಎಂಬ ಪ್ರಾಣಶಕ್ತಿ ಹನ್ನೆರಡು ಮುಖ್ಯ ನಾಳಗಳಲ್ಲಿ ಹರಿಯುತ್ತದೆ, ಅದರ ಹರಿವು ಕಟ್ಟಿಕೊಂಡಲ್ಲಿ ನೋವು ಹುಟ್ಟುತ್ತದೆ, ನಾಳದ ಮೇಲಿನ ಬಿಂದುವನ್ನು ಚುಚ್ಚಿದರೆ ದೂರದ ಕಟ್ಟು ಬಿಡುತ್ತದೆ ಎಂಬುದು ಹಳೆಯ ಸಿದ್ಧಾಂತ. ಇಂಥ ನಾಳಗಳನ್ನು ದೇಹ ಕೊಯ್ದು ನೋಡಿದ ಯಾರೂ ಇದುವರೆಗೆ ತೋರಿಸಿಲ್ಲ. ಅದನ್ನು ಹೊಲದ ಕಾಲುವೆಗಳಂತೆ ದೇಹವನ್ನು ಕಂಡ ಒಂದು ಕಾಲದ ಕಲ್ಪನೆಯೆಂದು ಓದುವುದು ಸರಿ.

ಬಿಂದುಗಳ ಲೆಕ್ಕವೂ ಒಂದೇ ಆಗಿ ಉಳಿದಿಲ್ಲ. ಮೂರನೇ ಶತಮಾನದಲ್ಲಿ ಹುವಾಂಗ್‌ಫು ಮಿ ಎಂಬ ವಿದ್ವಾಂಸ ಅವುಗಳನ್ನು ಪಟ್ಟಿ ಮಾಡಿದಾಗ ಸಂಖ್ಯೆ 349. ಸೋಂಗ್ ವಂಶದ ಕಾಲಕ್ಕೆ 354. ವಿಶ್ವ ಆರೋಗ್ಯ ಸಂಸ್ಥೆ 1991ರಲ್ಲಿ ಅಂತರರಾಷ್ಟ್ರೀಯ ಹೆಸರುಗಳನ್ನು ಗೊತ್ತುಪಡಿಸಿದಾಗ 361.

ಸೋಂಗ್ ಕಾಲದ ಲೆಕ್ಕದ ಹಿಂದೆ ಒಂದು ಸ್ವಾರಸ್ಯವಿದೆ. ಗ್ರಂಥದಿಂದ ಗ್ರಂಥಕ್ಕೆ ನಕಲಾಗುವಾಗ ಬಿಂದುಗಳ ಸ್ಥಾನ ತಪ್ಪುತ್ತಿತ್ತು. ತಪ್ಪಿದ ಕಡೆ ಚುಚ್ಚಿದರೆ ಅಪಾಯ ರೋಗಿಗೆ. ಅದಕ್ಕಾಗಿ ಚಕ್ರವರ್ತಿಯ ಆಜ್ಞೆಯಂತೆ ವೈದ್ಯ ವಾಂಗ್ ವೈಯಿ 1027ರಲ್ಲಿ ಆಳೆತ್ತರದ ಎರಡು ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿದ. ಮೈಮೇಲೆ ಬಿಂದುವಿದ್ದಲ್ಲೆಲ್ಲ ತೂತು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು, ಒಳಗೆ ನೀರು ತುಂಬಿಸಿಡುತ್ತಿದ್ದರಂತೆ. ವಿದ್ಯಾರ್ಥಿ ಸರಿಯಾದ ಕಡೆ ಚುಚ್ಚಿದರೆ ನೀರು ಒಸರುತ್ತಿತ್ತು, ತಪ್ಪಿದರೆ ಸೂಜಿ ಒಳಗೇ ಹೋಗುತ್ತಿರಲಿಲ್ಲ. ಜೀವಂತ ಮನುಷ್ಯನನ್ನು ಮುಟ್ಟುವ ಮೊದಲು ಕಂಚಿನ ಮನುಷ್ಯನ ಮೇಲೆ ಕೈ ಪಳಗಬೇಕು ಎಂಬ ಈ ವಿವೇಕ ಸಾವಿರ ವರ್ಷಗಳ ಹಿಂದಿನದು.

ಬಿಂದು ಹುಡುಕುವ ಅಳತೆಗೋಲೂ ರೋಗಿಯ ಮೈಯೇ. ‘ತ್ಸುನ್’ ಎಂಬ ಅಳತೆಯ ಒಂದು ಮಾನವೆಂದರೆ ಆಯಾ ರೋಗಿಯ ಹೆಬ್ಬೆರಳಿನ ಅಗಲ. ಮಂಡಿಯ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಹೊರಮಗ್ಗುಲಿನಲ್ಲಿರುವ ‘ತ್ಸು ಸಾನ್ ಲಿ’ ಬಿಂದುವಿಗೆ ಮಗುವಿನ ಕಾಲಿನಲ್ಲಿ ಮಗುವಿನ ಬೆರಳಿನ ಲೆಕ್ಕ, ಪೈಲ್ವಾನನ ಕಾಲಿನಲ್ಲಿ ಪೈಲ್ವಾನನ ಬೆರಳಿನ ಲೆಕ್ಕ. ನಮ್ಮ ಆಯುರ್ವೇದದ ‘ಅಂಗುಲ’ವೂ ರೋಗಿಯ ಸ್ವಂತ ಬೆರಳಿನದೇ.

ಈ ಹೋಲಿಕೆ ಹಿಡಿದು, ಆಕ್ಯುಪಂಕ್ಚರ್ ನಮ್ಮ ಮರ್ಮ ವಿದ್ಯೆಯಿಂದಲೇ ಹುಟ್ಟಿತು ಎಂದು ವಾದಿಸುವವರಿದ್ದಾರೆ. ಆದರೆ ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳಿರುವುದು ಶಸ್ತ್ರವೈದ್ಯ ಅಲ್ಲಿ ಕತ್ತಿ ತಾಗಿಸದೆ ಎಚ್ಚರ ವಹಿಸಲೆಂದು. ಒಂದು ಶಾಸ್ತ್ರ ಚುಚ್ಚು ಎನ್ನುವ ಜಾಗಗಳನ್ನು ಪಟ್ಟಿ ಮಾಡಿದೆ, ಇನ್ನೊಂದು ಮುಟ್ಟಬೇಡ ಎನ್ನುವ ಜಾಗಗಳನ್ನು. ಎರಡನ್ನೂ ಒಂದೇ ಎನ್ನುವುದು ಕಷ್ಟ.

ಸೂಜಿ ಸಣ್ಣದಾದ ಕಥೆ

ಈಗ ಮುಖ್ಯ ಪ್ರಶ್ನೆ: ನೋವಾಗುತ್ತದೆಯೇ?

ಇಂದು ಸಾಮಾನ್ಯವಾಗಿ ಬಳಸುವ ಸೂಜಿ ತುಕ್ಕು ಹಿಡಿಯದ ಉಕ್ಕಿನದು. ದಪ್ಪ ಸುಮಾರು ಕಾಲು ಮಿಲಿಮೀಟರ್. ಇಂಜೆಕ್ಷನ್ ಸೂಜಿ ಇದರ ಎರಡು ಪಟ್ಟಿಗೂ ಹೆಚ್ಚು ದಪ್ಪವಿರುತ್ತದೆ, ಒಳಗೆ ಟೊಳ್ಳಿರುತ್ತದೆ, ಔಷಧಿಯನ್ನು ಒತ್ತಿ ತುಂಬುತ್ತದೆ. ಆಕ್ಯುಪಂಕ್ಚರ್ ಸೂಜಿಯಲ್ಲಿ ಟೊಳ್ಳೂ ಇಲ್ಲ, ಔಷಧಿಯೂ ಇಲ್ಲ. ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟು ಚುರುಕೆನ್ನಬಹುದು, ಕೆಲವೊಮ್ಮೆ ಅದೂ ತಿಳಿಯುವುದಿಲ್ಲ.

ಆದರೆ ಹಿಂದಿನ ಕಾಲದ ರೋಗಿಗೆ ಈ ಭಾಗ್ಯವಿರಲಿಲ್ಲ. ‘ನೈಜಿಂಗ್’ ಗ್ರಂಥದ ‘ಲಿಂಗ್‌ಶು’ ಭಾಗ ಒಂಬತ್ತು ಬಗೆಯ ಸೂಜಿಗಳನ್ನು ವರ್ಣಿಸಿದೆ. ಅವುಗಳಲ್ಲಿ ಕೂದಲಿನಷ್ಟು ಸಪೂರವಾದದ್ದೂ ಇತ್ತು, ಕೀವು ತೆಗೆಯಲು ಕತ್ತಿಯಂತಿದ್ದದ್ದೂ, ರಕ್ತ ಹರಿಸಲು ಮೂರಂಚಿನದೂ ಇದ್ದವು. ಹೆಬೈ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ತೆರೆದ ರಾಜಕುಮಾರ ಲಿಯು ಶೆಂಗ್‌ನ ಸಮಾಧಿಯಲ್ಲಿ ಚಿನ್ನದ ಮತ್ತು ಬೆಳ್ಳಿಯ ಸೂಜಿಗಳೇ ಸಿಕ್ಕಿವೆ. ಆತ ಸತ್ತದ್ದು ಕ್ರಿ.ಪೂ. 113ರಲ್ಲಿ. ರಾಜರಿಗೆ ಚಿನ್ನವಾದರೆ ಸಾಮಾನ್ಯರಿಗೆ ಕಬ್ಬಿಣ. ಬಟ್ಟೆಯ ಮೇಲಿಂದಲೇ ಚುಚ್ಚುವ, ಕೊಳೆಯಾದ ಸೂಜಿಯನ್ನೇ ಮತ್ತೆ ಮತ್ತೆ ಬಳಸುವ ಅಲೆಮಾರಿ ಚಿಕಿತ್ಸಕರ ಕೈಯಲ್ಲಿ ಗಾಯ ಕೀವುಗಟ್ಟುವುದೂ ಸಹಜವಾಗಿತ್ತು.

ಹೀಗಾಗಿ ಚೀನಾದಲ್ಲಿಯೇ ಈ ವಿದ್ಯೆಯ ಗೌರವ ಇಳಿಯಿತು. ಇದು ಬಹುಮಟ್ಟಿಗೆ ಕಳೆದುಹೋದ ವಿದ್ಯೆ ಎಂದು ಹೆಸರಾಂತ ವೈದ್ಯ ಶು ದಾಚುನ್ 1757ರಲ್ಲೇ ಮರುಗಿದ್ದ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿ ಅರಮನೆಯ ವೈದ್ಯಶಾಲೆಯಲ್ಲಿ ಸೂಜಿ ಮತ್ತು ಕಾವಿನ ವಿಭಾಗವನ್ನೇ ಮುಚ್ಚಿಸಿದ. ದೊರೆಯ ಮೈಗೆ ಸೂಜಿ ಚುಚ್ಚುವುದು, ಬೆಂಕಿ ತಾಗಿಸುವುದು ತರವಲ್ಲ ಎಂಬುದು ಆಜ್ಞೆಯಲ್ಲಿದ್ದ ಕಾರಣ. 1929ರಲ್ಲಿ ಸರ್ಕಾರಿ ಸಮಿತಿಯೊಂದು ಹಳೆಯ ವೈದ್ಯ ಪದ್ಧತಿಯನ್ನೇ ತೊಡೆದುಹಾಕುವ ಪ್ರಸ್ತಾವ ತಂದಾಗ ದೇಶದ ನಾನಾ ಕಡೆಯ ವೈದ್ಯರು ಶಾಂಘೈನಲ್ಲಿ ಸೇರಿ ಪ್ರತಿಭಟಿಸಬೇಕಾಯಿತು. ಪ್ರಸ್ತಾವ ಬಿದ್ದುಹೋಯಿತು.

ಸೂಜಿಗೆ ಮರುಹುಟ್ಟು ಕೊಟ್ಟವನು ಚೆಂಗ್ ದಾನ್‌ಆನ್ (1899–1957). ಆಧುನಿಕ ಶರೀರರಚನೆಯನ್ನು ಓದಿಕೊಂಡಿದ್ದ ಈ ವೈದ್ಯ 1931ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಿಂದುಗಳ ಸ್ಥಾನವನ್ನು ನರ, ಸ್ನಾಯುಗಳ ಲೆಕ್ಕದಲ್ಲಿ ಮತ್ತೆ ವಿವರಿಸಿದ. ರಕ್ತನಾಳಗಳ ಮೇಲೆ ಬೀಳುತ್ತಿದ್ದ ಬಿಂದುಗಳನ್ನು ಪಕ್ಕಕ್ಕೆ ಸರಿಸಿದ. ರಕ್ತ ಹರಿಸುವ ದಪ್ಪ ಸೂಜಿಗಳನ್ನು ಬಿಟ್ಟು ಸಪೂರ ಸೂಜಿಯನ್ನೇ ಎತ್ತಿಹಿಡಿದ. ಇಂದು ‘ಪುರಾತನ’ ಎಂದು ರೋಗಿಯ ಮುಂದೆ ಬರುವ ಚಿಕಿತ್ಸೆಯ ಸ್ವರೂಪಕ್ಕೆ ಈತನ ಋಣ ದೊಡ್ಡದು.

ಇನ್ನೊಂದು ಋಣ ಜಪಾನಿನ ಅಂಧನೊಬ್ಬನದು. ಹದಿನೇಳನೇ ಶತಮಾನದ ಸುಗಿಯಾಮಾ ವಾಯಿಚಿ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವನು. ಸಪೂರ ಸೂಜಿಯನ್ನು ಸಣ್ಣ ಕೊಳವೆಯೊಳಗಿಟ್ಟು, ಮೇಲೆ ಉಳಿದ ತುದಿಯನ್ನು ಬೆರಳಿನಿಂದ ತಟ್ಟಿ ಚರ್ಮ ದಾಟಿಸುವ ವಿಧಾನವನ್ನು ಬಳಕೆಗೆ ತಂದದ್ದು ಆತನೇ. ಕೊಳವೆಯ ಒತ್ತಡದಲ್ಲಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಷೋಗನ್ ದೊರೆ ತ್ಸುನಾಯೋಷಿಗೇ ಚಿಕಿತ್ಸೆ ಮಾಡಿ ಆಶ್ರಯ ಪಡೆದ ಆತ ಅಂಧರಿಗೆ ಈ ವಿದ್ಯೆ ಕಲಿಸುವ ಶಾಲೆಗಳನ್ನು ತೆರೆದ. ಇಂದು ಹಲವು ಚಿಕಿತ್ಸಕರ ಮೇಜಿನ ಮೇಲೆ ಪ್ಲಾಸ್ಟಿಕ್ ಕೊಳವೆಯೊಡನೆ ಬರುವ ಸೂಜಿ ಕಂಡರೆ, ಅದರ ಮೂಲ ಆತನಲ್ಲಿದೆ.

ಪಶ್ಚಿಮದ ವೈದ್ಯರೂ ನಡುವೆ ಇದರಲ್ಲಿ ಕೈಯಾಡಿಸಿದ್ದರು. ಸಂಗೀತಗಾರ ಹೆಕ್ಟರ್ ಬೆರ್ಲಿಯೋಜ್‌ನ ತಂದೆ, ಫ್ರೆಂಚ್ ವೈದ್ಯ ಲೂಯಿ ಬೆರ್ಲಿಯೋಜ್ 1810ರಲ್ಲೇ ಇದನ್ನು ಪ್ರಯೋಗಿಸಿದ್ದ. ವಿಲಿಯಂ ಆಸ್ಲರ್ 1892ರ ತನ್ನ ಪ್ರಸಿದ್ಧ ವೈದ್ಯಕೀಯ ಪಠ್ಯದಲ್ಲಿ ಸೊಂಟನೋವಿಗೆ ಇದನ್ನು ಶಿಫಾರಸು ಮಾಡಿದ್ದ. ಹೆಂಗಸರು ಟೋಪಿಗೆ ಸಿಕ್ಕಿಸುವ ಮೂರು ನಾಲ್ಕು ಅಂಗುಲದ ಪಿನ್ನು ಶುದ್ಧಗೊಳಿಸಿದರೆ ಸಾಕು ಎಂದಿದ್ದ! ಇಂದಿನ ರೋಗಿ ಸಮಾಧಾನಪಟ್ಟುಕೊಳ್ಳಲು ಇದೂ ಒಂದು ಕಾರಣ.

ಮಲಗಿದ ಇಪ್ಪತ್ತು ನಿಮಿಷ

ಸೂಜಿ ಒಳಗೆ ಹೋದ ಮೇಲೆ ಚಿಕಿತ್ಸಕರು ಅದನ್ನು ಮೆಲ್ಲಗೆ ತಿರುಗಿಸುತ್ತಾರೆ. ಆಗ ಆ ಜಾಗದಲ್ಲಿ ಜೋಮು, ಭಾರ, ಬಿಗಿತ, ಇಲ್ಲವೇ ಒಂದು ಬಗೆಯ ಸೆಳೆತ ಕಾಣಿಸಬಹುದು. ಚೀನೀಯರು ಇದಕ್ಕೆ ‘ದೆ ಚಿ’, ಅಂದರೆ ‘ಚಿ ಬಂತು’ ಎನ್ನುತ್ತಾರೆ. ಇದು ಅಪಾಯದ ಲಕ್ಷಣವಲ್ಲ. ಆದರೆ ಉರಿಯಾದರೆ, ಕರೆಂಟ್ ಹೊಡೆದಂತೆ ತೀಕ್ಷ್ಣ ನೋವಾದರೆ ಕೂಡಲೇ ಹೇಳಬೇಕು. ಸಹಿಸಿಕೊಂಡಿರುವುದರಲ್ಲಿ ಯಾವ ಪುಣ್ಯವೂ ಇಲ್ಲ.

ಆಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಸುಮ್ಮನೆ ಮಲಗಿರುವುದು. ಹಲವರಿಗೆ ನಿದ್ದೆಯೇ ಬರುತ್ತದೆ. ಕೆಲವು ಕಡೆ ಸೂಜಿಗಳಿಗೆ ಸಣ್ಣ ತಂತಿ ಸಿಕ್ಕಿಸಿ ಹಗುರ ವಿದ್ಯುತ್ ಹರಿಸುತ್ತಾರೆ, ಆಗ ಸ್ನಾಯು ಟಕಟಕ ಮಿಡಿಯುತ್ತದೆ. ಪೇಸ್‌ಮೇಕರ್ ಇರುವವರಿಗೆ ಇದು ಸಲ್ಲದು. ಒಂದೇ ದಿನದಲ್ಲಿ ಪವಾಡ ನಿರೀಕ್ಷಿಸುವಂತಿಲ್ಲ. ವಾರಕ್ಕೆ ಒಂದೆರಡು ಸಲದಂತೆ ಆರರಿಂದ ಹತ್ತು ಸಲ ಬರಲು ಹೇಳುವುದು ವಾಡಿಕೆ. ಅಷ್ಟು ಸಲ ಹೋದರೂ ಏನೂ ಗುಣ ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಹಸಿದ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರುವ ಸಂಭವವಿದೆ. ಮೊದಲ ಸಲ ಕೂರಿಸುವುದಕ್ಕಿಂತ ಮಲಗಿಸಿ ಚುಚ್ಚುವುದು ಅದಕ್ಕಾಗಿ. ಲಘುವಾಗಿ ತಿಂದು, ತೋಳು, ಮಂಡಿ ಸರಾಗವಾಗಿ ತೆರೆಯುವ ಸಡಿಲ ಬಟ್ಟೆ ತೊಟ್ಟು ಹೋಗುವುದು ಲೇಸು.

ಒಂದು ಅಪೆಂಡಿಕ್ಸಿನ ಸುದ್ದಿ

ಜಗತ್ತಿನ ಕಣ್ಣು ಈ ಸೂಜಿಯ ಮೇಲೆ ಬಿದ್ದದ್ದು 1971ರಲ್ಲಿ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹಿರಿಯ ಪತ್ರಕರ್ತ ಜೇಮ್ಸ್ ರೆಸ್ಟನ್ ಆ ಜುಲೈನಲ್ಲಿ ಬೀಜಿಂಗಿನಲ್ಲಿದ್ದಾಗ ಅಪೆಂಡಿಕ್ಸ್ ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು. ಜುಲೈ 26ರಂದು ಪ್ರಕಟವಾದ ಅವರ ವರದಿ ಅಮೆರಿಕದಲ್ಲಿ ಕುತೂಹಲದ ಅಲೆಯೆಬ್ಬಿಸಿತು. ಮರುವರ್ಷ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋಗಿಬಂದ ಮೇಲಂತೂ ವೈದ್ಯರ ತಂಡಗಳೇ ಬೀಜಿಂಗಿಗೆ ಹೊರಟವು.

ರೆಸ್ಟನ್ ಅವರಿಗೆ ಸೂಜಿ ಚುಚ್ಚಿಯೇ, ಅರಿವಳಿಕೆಯಿಲ್ಲದೆ ಹೊಟ್ಟೆ ಕೊಯ್ದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಅದು ಸುಳ್ಳು. ಶಸ್ತ್ರಕ್ರಿಯೆ ನಡೆದದ್ದು ಎಂದಿನ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆಮೇಲೆ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಮೊಣಕೈ ಮತ್ತು ಮಂಡಿಯ ಕೆಳಗೆ ಮೂರು ಸೂಜಿ ಹಾಕಿ, ಹೊಟ್ಟೆಯ ಬಳಿ ಮಾಕ್ಸಾ ಕಾವು ಕೊಟ್ಟರು. ಉಬ್ಬರ ಇಳಿಯಿತೆಂದು ರೆಸ್ಟನ್ ಬರೆದರು, ಅಷ್ಟೇ. ಸೂಜಿಯನ್ನೇ ಅರಿವಳಿಕೆಯಾಗಿ ಬಳಸುವ ಪ್ರಯೋಗ ಚೀನಾದಲ್ಲಿ 1958ರಲ್ಲಿ ಶಾಂಘೈನಲ್ಲಿ ಗಂಟಲಿನ ಟಾನ್ಸಿಲ್ ತೆಗೆಯುವುದರೊಂದಿಗೆ ಆರಂಭವಾಗಿತ್ತು ನಿಜ. ಆದರೆ ಇಂಥ ಬಹಳಷ್ಟು ಶಸ್ತ್ರಕ್ರಿಯೆಗಳಲ್ಲಿ ನೋವು ತಗ್ಗಿಸುವ ಔಷಧಿಯನ್ನೂ ಜೊತೆಗೆ ಕೊಡುತ್ತಿದ್ದರು.

ಕಲ್ಕತ್ತೆಯ ದಾರಿಯಲ್ಲಿ

ಭಾರತಕ್ಕೆ ಆಕ್ಯುಪಂಕ್ಚರ್ ಬಂದ ದಾರಿ ಬೇರೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನೆರವಾಗಲು ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರ ತಂಡ ಕಳುಹಿಸಿತು. ಅವರಲ್ಲಿ ನಮ್ಮ ಗಡಿಯಾಚೆಯ, ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಗಾಯಾಳು ಸೈನಿಕರ ಶುಶ್ರೂಷೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು, 32ರ ಹರೆಯದಲ್ಲಿ, ಚೀನಾದಲ್ಲೇ ತೀರಿಕೊಂಡ ಅವರ ಕಥೆಯನ್ನು ವಿ. ಶಾಂತಾರಾಂ 1946ರಲ್ಲಿ ಚಲನಚಿತ್ರವಾಗಿಸಿದರು. ಕೋಟ್ನಿಸ್ ಅವರ ಹೆಸರನ್ನು ಆಕ್ಯುಪಂಕ್ಚರ್‌ಗೆ ತಳಕು ಹಾಕುವುದು ವಾಡಿಕೆ. ಆದರೆ ಅವರು ಶಸ್ತ್ರವೈದ್ಯರು. ಸೂಜಿಯನ್ನು ತಂದವರು ಅದೇ ತಂಡದ ಇನ್ನೊಬ್ಬ ವೈದ್ಯ, ಕಲ್ಕತ್ತೆಯ ಡಾ. ಬಿಜಯ್ ಕುಮಾರ್ ಬಸು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋದ ಅವರು ಅಲ್ಲಿ ಈ ವಿದ್ಯೆ ಕಲಿತರು. 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು.

ಬಂಗಾಳದಲ್ಲಿ ಬೇರು ಬಿಟ್ಟ ಈ ಪದ್ಧತಿಗೆ ಮೊದಲ ಕಾನೂನು ಮಾಡಿದ್ದೂ ಆ ರಾಜ್ಯವೇ, 1996ರಲ್ಲಿ. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವೆಂದೂ, 2019ರಲ್ಲಿ ಪ್ರತ್ಯೇಕ ಆರೋಗ್ಯ ಪದ್ಧತಿಯೆಂದೂ ಒಪ್ಪಿಕೊಂಡಿತು. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಓದುವವರು ತಮ್ಮ ಪಠ್ಯದ ಭಾಗವಾಗಿ ಆಕ್ಯುಪಂಕ್ಚರ್ ಕಲಿಯುತ್ತಾರೆ. ಕೆಲವೇ ವಾರಾಂತ್ಯಗಳ ತರಬೇತಿ ಪಡೆದು ಫಲಕ ತೂಗುಹಾಕಿದವರೂ ಇದ್ದಾರೆ. ಚಿಕಿತ್ಸಕರು ಎಲ್ಲಿ, ಎಷ್ಟು ಕಾಲ ಕಲಿತರು ಎಂದು ಕೇಳಲು ಹೊಸ ರೋಗಿ ಸಂಕೋಚಪಡಬಾರದು.

ಗುಣ ಕಾಣುತ್ತದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ದೇಹ ತಾನೇ ತಯಾರಿಸುವ ನೋವು ನಿವಾರಕ ರಾಸಾಯನಿಕಗಳು 1975ರ ಸುಮಾರಿಗೆ ಪತ್ತೆಯಾದವು. ಸೂಜಿ ಚುಚ್ಚಿದಾಗ ಅವು ಬಿಡುಗಡೆಯಾಗುತ್ತವೆ ಎಂಬುದಕ್ಕೆ ಮುಂದಿನ ವರ್ಷಗಳ ಪ್ರಯೋಗಗಳು ಆಧಾರ ಒದಗಿಸಿದವು. ಅಲ್ಲಿಗೆ ‘ಚಿ’ ನಂಬದವರಿಗೂ ಒಂದು ವಿವರಣೆ ಸಿಕ್ಕಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1997ರಲ್ಲಿ ಕರೆದ ತಜ್ಞರ ಸಭೆ, ಶಸ್ತ್ರಕ್ರಿಯೆ ಮತ್ತು ಕ್ಯಾನ್ಸರ್ ಔಷಧಿಗಳ ನಂತರದ ವಾಕರಿಕೆಗೆ, ಹಲ್ಲಿನ ಶಸ್ತ್ರಕ್ರಿಯೆಯ ನಂತರದ ನೋವಿಗೆ ಇದರಿಂದ ಉಪಯೋಗವಿದೆಯೆಂದು ಒಪ್ಪಿತು.

ಆದರೆ ಒಂದು ತೊಡಕು ಉಳಿಯಿತು. ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಆರು ತಿಂಗಳ ನಂತರ ಗುಣ ಕಂಡಿತ್ತು. ಮಾತ್ರೆ, ವ್ಯಾಯಾಮಗಳ ಎಂದಿನ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಮಾತ್ರ. ಮೂರನೆಯ ಗುಂಪಿನವರಿಗೆ ಬಿಂದುಗಳಲ್ಲದ ಕಡೆ, ಮೇಲುಮೇಲೆ ಚುಚ್ಚಿದ್ದರು. ಅವರಲ್ಲೂ ಶೇ. 44.2 ಮಂದಿಗೆ ಗುಣವಾಗಿತ್ತು! ಹಾಗಿದ್ದರೆ ಕಂಚಿನ ಮನುಷ್ಯನ 354 ತೂತುಗಳ ಗತಿಯೇನು? 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ದೀರ್ಘಕಾಲದ ನೋವಿಗೆ ನಿಜವಾದ ಸೂಜಿ ತೋರಿಕೆಯ ಸೂಜಿಗಿಂತ ತುಸು ಮೇಲು ಎಂದು ಕಂಡಿತು. ವ್ಯತ್ಯಾಸ ಮಾತ್ರ ಸಣ್ಣದು. ಸೂಜಿಯ ಪಾಲೆಷ್ಟು, ಒಂದು ಗಂಟೆ ಕೂತು ಕಷ್ಟ ಕೇಳುವ ಚಿಕಿತ್ಸಕರ ಪಾಲೆಷ್ಟು, ಗುಣವಾಗುತ್ತದೆಂಬ ನಂಬಿಕೆಯ ಪಾಲೆಷ್ಟು ಎಂಬ ವಾದ ಮುಗಿದಿಲ್ಲ. ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲಿ ಸೊಂಟನೋವಿಗೆ ಇದನ್ನು ಶಿಫಾರಸು ಮಾಡಿದರೆ, ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿ 2016ರಲ್ಲಿ ಅದೇ ಸೊಂಟನೋವಿಗೆ ಬೇಡವೆಂದಿತ್ತು.

ಎಚ್ಚರ ತಪ್ಪಬಾರದ ಕಡೆ

ಅಪಾಯದ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ತರಬೇತಿ ಪಡೆದವರ ಕೈಯಲ್ಲಿ ಇದು ಸುರಕ್ಷಿತ. ಬ್ರಿಟನ್ನಿನಲ್ಲಿ ಸುಮಾರು 34,000 ಚಿಕಿತ್ಸೆಗಳನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಭೀರ ಅಪಾಯ ಒಂದೂ ಇರಲಿಲ್ಲ. ತಲೆಸುತ್ತು, ವಾಕರಿಕೆಯಂಥ ಗಮನಿಸಬೇಕಾದ ತೊಂದರೆ 43 ಸಲ ಮಾತ್ರ. ಸೂಜಿ ತೆಗೆದಲ್ಲಿ ಒಂದು ಹನಿ ರಕ್ತ, ಸಣ್ಣ ನೀಲಿಗಟ್ಟುವಿಕೆ ಸಾಮಾನ್ಯ. ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುವ ಅಪಾಯ ತೀರ ವಿರಳ, ಆದರೆ ಇಲ್ಲವೆಂದಲ್ಲ.

ಕೊಳೆ ಸೂಜಿಯ ವಿಷಯ ಬೇರೆ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1984ರಲ್ಲಿ ಒಂದೇ ಚಿಕಿತ್ಸಾಲಯದಿಂದ 35 ಮಂದಿಗೆ ಹೆಪಟೈಟಿಸ್ ‘ಬಿ’ ಕಾಮಾಲೆ ತಗುಲಿತ್ತು. 1996ರಲ್ಲಿ ಅಲ್ಲಿನ ಸರ್ಕಾರ ಸೂಜಿ ಒಮ್ಮೆ ಮಾತ್ರ ಬಳಸತಕ್ಕದ್ದೆಂದು ಗೊತ್ತುಪಡಿಸಿತು. ಮುಚ್ಚಿದ ಪೊಟ್ಟಣವನ್ನು ರೋಗಿಯ ಕಣ್ಣೆದುರೇ ಒಡೆದು ಹೊಸ ಸೂಜಿ ತೆಗೆಯಬೇಕು. ಇದನ್ನು ಕೇಳುವುದು ಅವಿನಯವಲ್ಲ, ರೋಗಿಯ ಹಕ್ಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಸೂಜಿಯಲ್ಲಿಲ್ಲ, ಮಾತಿನಲ್ಲಿದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಿಡಿಸುವ, ರಕ್ತದೊತ್ತಡದ ಮಾತ್ರೆ ನಿಲ್ಲಿಸಲು ಹೇಳುವ, ಕ್ಯಾನ್ಸರ್ ಗಡ್ಡೆಯನ್ನು ಸೂಜಿಯಿಂದಲೇ ಕರಗಿಸುತ್ತೇವೆಂದು ಭರವಸೆ ಕೊಡುವ ಚಿಕಿತ್ಸಕರಿಂದ ದೂರವಿರಬೇಕು. ಕಾರಣ ತಿಳಿಯದ ನೋವಿಗೆ ಸೂಜಿ ಹಾಕಿಸುವ ಮೊದಲು ವೈದ್ಯರಿಂದ ಕಾರಣ ತಿಳಿದುಕೊಳ್ಳಬೇಕು. ನೋವು ತಗ್ಗಿದ ಮಾತ್ರಕ್ಕೆ ರೋಗ ಹೋಯಿತೆಂದಲ್ಲ.

ಯುನೆಸ್ಕೊ 2010ರಲ್ಲಿ ಈ ಚಿಕಿತ್ಸೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆಯೆಂದರೆ ಬದಲಾಗದೆ ಉಳಿದದ್ದು ಎಂದು ಭಾವಿಸುವವರಿಗೆ ಸೂಜಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ದಪ್ಪ ಸೂಜಿ ಸಪೂರವಾಯಿತು, ಕಬ್ಬಿಣ ಉಕ್ಕಾಯಿತು, ರಕ್ತನಾಳದ ಮೇಲಿನ ಬಿಂದು ಪಕ್ಕಕ್ಕೆ ಸರಿಯಿತು, ಮತ್ತೆ ಮತ್ತೆ ಬಳಸಿದ್ದು ಒಮ್ಮೆ ಬಳಸಿ ಎಸೆಯುವಂತಾಯಿತು. ಇದು ಇಂದಿಗೂ ಬದುಕಿರುವುದು ಹಳೆಯದೆಂಬ ಕಾರಣಕ್ಕಲ್ಲ, ಆಗಾಗ ತನ್ನನ್ನು ತಿದ್ದಿಕೊಂಡ ಕಾರಣಕ್ಕೆ. ಮೊದಲ ಸೂಜಿಗೆ ಕೈಚಾಚುವ ರೋಗಿ ಕೇಳಬೇಕಾದದ್ದು ‘ಎಷ್ಟು ಹಳೆಯದು?’ ಎಂದಲ್ಲ, ‘ಪೊಟ್ಟಣ ಹೊಸದೇ?’ ಎಂದು.